ಹಿಂದಿನ ಚಕ್ರದ ಬ್ರೇಕು: ಬದಲಿ ಭಾಗದ ಅಳತೆ

ಒಂದೇ ಹೆಸರಿನ ಕಾರಿನಲ್ಲಿಯೂ ತಯಾರಾದ ವರ್ಷಕ್ಕೆ ತಕ್ಕಂತೆ ಬ್ರೇಕಿನ ಭಾಗಗಳ ಅಳತೆ ಬೇರೆಯಾಗಬಹುದು. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕು ಇದ್ದರೆ, ಬದಲಿ ಭಾಗಗಳನ್ನು ಕೊಳ್ಳುವ ಮುನ್ನ ಡ್ರಮ್ಮಿನ ಒಳವ್ಯಾಸ, ಅದನ್ನು ಒತ್ತಿಹಿಡಿಯುವ ಷೂಗಳ ಅಗಲ, ಷೂಗಳನ್ನು ತಳ್ಳುವ ಸಿಲಿಂಡರಿನ ಒಳವ್ಯಾಸ, ಈ ಮೂರನ್ನೂ ತಿಳಿದಿರಬೇಕು.

ಇವುಗಳಲ್ಲಿ ಸಿಲಿಂಡರಿನ ಅಳತೆಯೇ ಹೆಚ್ಚು ಸೂಕ್ಷ್ಮವಾದುದು. ಪೆಡಲನ್ನು ತುಳಿದಾಗ ಉಂಟಾಗುವ ಒತ್ತಡವು ದ್ರವದ ಮೂಲಕ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬುದು ಪಾಸ್ಕಲನ ನಿಯಮ. ಆದರೆ ಷೂವನ್ನು ತಳ್ಳುವ ಬಲವು ಪಿಸ್ಟನ್ನಿನ ಕ್ಷೇತ್ರಫಲವನ್ನು, ಎಂದರೆ ವ್ಯಾಸದ ವರ್ಗವನ್ನು, ಅವಲಂಬಿಸಿದೆ. 3/4 ಅಂಗುಲದ ಸಿಲಿಂಡರಿನ ಬದಲು 7/8 ಅಂಗುಲದ್ದನ್ನು ಜೋಡಿಸಿದೆವೆನ್ನೋಣ. ವ್ಯತ್ಯಾಸವು ಸುಮಾರು 3 ಮಿಲಿಮೀಟರ್ ಮಾತ್ರ. ಬಲವಾದರೋ 36ಕ್ಕೆ 49ರಂತೆ, ಎಂದರೆ ನೂರಕ್ಕೆ ಸುಮಾರು 36ರಷ್ಟು, ಹೆಚ್ಚುವುದು.

ಬಲ ಹೆಚ್ಚಿದರೆ ಒಳ್ಳೆಯದೇ ಅಲ್ಲವೆ? ಅಲ್ಲ. ಬ್ರೇಕು ಹಾಕಿದಾಗ ಭಾರವು ಮುಂದಿನ ಚಕ್ರಗಳತ್ತ ವಾಲುವುದರಿಂದ ಹಿಂದಿನ ಚಕ್ರಗಳಿಗೆ ನೆಲದ ಹಿಡಿತ ಕುಗ್ಗುತ್ತದೆ. ಅವು ಮೊದಲೇ ಉರುಳದೆ ನಿಂತು ಜಾರಿದರೆ, ಒದ್ದೆಯಾದ ರಸ್ತೆಯಲ್ಲಿ ಕಾರು ಗಿರ್ರನೆ ತಿರುಗಿಬಿಡಬಹುದು.

ಆದುದರಿಂದ ತಯಾರಕರ ಪಟ್ಟಿಯಲ್ಲಿರುವ ಬಿಡಿಭಾಗದ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು. ಎಡಬಲ ಚಕ್ರಗಳೆರಡಕ್ಕೂ ಒಂದೇ ಅಳತೆಯದನ್ನು ಜೋಡಿಸಬೇಕು.