ಬೆರಳಿನ ತಡವೋ, ಮಿದುಳಿನ ತಡವೋ?

ಮಿದುಳಿನ ಆರೋಗ್ಯಕ್ಕೆ ಸಂಬಂಧಿಸಿದ ನವೋದ್ಯಮಗಳು ಸ್ಮರಣೆ, ಅವಧಾನ, ಪ್ರತಿಕ್ರಿಯೆಯ ವೇಗ ಮುಂತಾದುವನ್ನು ಮೊಬೈಲಿನ ಪರದೆಯ ಮೇಲೆಯೇ ಪರೀಕ್ಷಿಸುವುದುಂಟು. ಪರೀಕ್ಷೆಯ ರೂಪವನ್ನು ನಿರ್ಣಯಿಸುವವರು ಬಳಕೆದಾರರ ಅನುಭವದ ವಿನ್ಯಾಸಕರು. ಪರದೆಯನ್ನು ಅಂದಗೊಳಿಸುವುದಷ್ಟೇ ಇವರ ಕೆಲಸವೆಂದು ನಾವು ಭಾವಿಸಲಾಗದು.

ದೃಷ್ಟಾಂತವೊಂದನ್ನು ನೋಡೋಣ. ಪರದೆಯಲ್ಲಿ ಚುಕ್ಕೆ ಕಂಡೊಡನೆ ಗುಂಡಿಯನ್ನು ಮುಟ್ಟಬೇಕು. ನಡುವಣ ಕಾಲವನ್ನು ಯಂತ್ರವು ಅಳೆಯುತ್ತದೆ. ಆ ಕಾಲವೆಲ್ಲವೂ ಮಿದುಳಿನದೇ ಏನು? ಕೈ ಚಲಿಸುವುದಕ್ಕೂ ಹೊತ್ತು ಬೇಕಷ್ಟೆ. ಗುರಿಯು ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ಮುಟ್ಟುವ ಕಾಲವು ಹೆಚ್ಚುವುದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿದರು. ಯಂತ್ರದ ಪಾಲೂ ಉಂಟು: ಸೆಕೆಂಡಿಗೆ 60 ಸಲ ಚಿತ್ರವನ್ನು ಬದಲಿಸುವ ಪರದೆಯಲ್ಲಿ ಚುಕ್ಕೆ ಮೂಡಲು ಸುಮಾರು 17 ಮಿಲಿಸೆಕೆಂಡುಗಳವರೆಗೆ ತಡವಾಗಬಹುದು.

ಈಗ ಸಂಧಿವಾತದಿಂದ ಬೆರಳು ಬಿಗಿದಿರುವ ವೃದ್ಧೆಯೊಬ್ಬರನ್ನು ಊಹಿಸಿಕೊಳ್ಳೋಣ. ಗುಂಡಿಯು ಕಡಲೆಕಾಳಿನಷ್ಟು ಕಿರಿದಾಗಿದ್ದರೆ ಬೆರಳಿನ ತಡವು ಮಿದುಳಿನ ತಡವೆಂದೇ ದಾಖಲಾದೀತು. ಇಲ್ಲದ ರೋಗದ ಭಯವು ಆ ಮನೆಯನ್ನು ಹೊಕ್ಕೀತು. ಆದುದರಿಂದ ಒಳ್ಳೆಯ ವಿನ್ಯಾಸಕರು ಗುಂಡಿಯನ್ನು ದೊಡ್ಡದಾಗಿ, ಬೆರಳಿಗೆ ಸಮೀಪದಲ್ಲಿಡುತ್ತಾರೆ; ಲೆಕ್ಕಕ್ಕೆ ಸೇರದ ಅಭ್ಯಾಸದ ಸುತ್ತೊಂದನ್ನು ಮೊದಲು ಕೊಡುತ್ತಾರೆ; ವೃದ್ಧರೊಡನೆ ಕುಳಿತು ಆ ಪರೀಕ್ಷೆಯನ್ನೇ ಪರೀಕ್ಷಿಸುತ್ತಾರೆ. ತಕ್ಕಡಿಯ ದೋಷವನ್ನು ಸರಕಿನ ಮೇಲೆ ಹೊರಿಸಲಾಗದು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಕಾಗದದ ಮೇಲೆ ಎರಡು ದೊಡ್ಡ ವೃತ್ತಗಳನ್ನೂ, ಅಷ್ಟೇ ಅಂತರದಲ್ಲಿ ಎರಡು ಸಣ್ಣ ವೃತ್ತಗಳನ್ನೂ ಬರೆಯಿರಿ. ಒಂದೊಂದು ಜೋಡಿಯ ವೃತ್ತಗಳನ್ನೂ ಅರ್ಧ ನಿಮಿಷದ ಕಾಲ ಪೆನ್ಸಿಲಿನಿಂದ ಒಂದಾದ ಮೇಲೊಂದರಂತೆ, ಗುರಿತಪ್ಪದೆ ಮುಟ್ಟಿ ಎಣಿಸಿರಿ. ಮಿದುಳು ಅದೇ, ಕೈಯೂ ಅದೇ. ಎಣಿಕೆ ಮಾತ್ರ ಬೇರೆಯಾಗುವುದು.