ಒಣ ನಾಡಿನ ಗಿಟಾರು, ಕರಾವಳಿಯ ಖರ್ಚು

ಹೊಸ ಗಿಟಾರು ಕೊಂಡವರಿಗೆ ಸಿಗುವ ಮೊದಲ ಸಲಹೆ ಎಲ್ಲ ಊರಲ್ಲೂ ಒಂದೇ: ತೇವ ತಾಗದಂತೆ ನೋಡಿಕೊಳ್ಳಿ, ಬ್ಯಾಗಿನಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಮಂಗಳೂರು, ಉಡುಪಿಗಳಿಗೆ ಇದು ಒಪ್ಪುವ ಮಾತು. ಬಾಗಲಕೋಟೆ ಜಿಲ್ಲೆಗೆ ಬೀಳುವುದು ಆರುನೂರು ಮಿಲಿಮೀಟರಿಗಿಂತ ಕಡಿಮೆ, ಅದರ ಜೋರೂ ಸೆಪ್ಟೆಂಬರ್ ಆಸುಪಾಸಿನಲ್ಲಿ. ಇಲ್ಲಿ ಗಿಟಾರಿಗೆ ಬರುವ ಗಂಡಾಂತರ ಬಹುಮಟ್ಟಿಗೆ ಒಣಹವೆಯದು. ಆದ್ದರಿಂದ ಬಾದಾಮಿ, ಹುನಗುಂದ, ಇಳಕಲ್ಲಿನ ಮನೆಗಳಲ್ಲಿ ತೇವ ಹೀರುವ ಸಾಮಾನಿಗೆ ಸುರಿಯುವ ದುಡ್ಡು ದಂಡ ಎನ್ನುವುದು ನನ್ನ ವಾದ. ಪುಟ್ಟ ಪೊಟ್ಟಣ ನಾಲ್ಕು ದಿನದಲ್ಲೇ ತುಂಬಿಕೊಂಡು ಸುಮ್ಮನಾಗುತ್ತದೆ, ಹಾಗಾಗಿ ಹಾನಿಯೂ ಸಣ್ಣದು. ಆದರೆ ದೊಡ್ಡ ಪೊಟ್ಟಣ ತಂದು, ಕಾಯಿಸಿ ಕಾಯಿಸಿ ಮರುಬಳಕೆ ಮಾಡುವ ಶಿಸ್ತಿನವರೇ ಮಾರ್ಚ್ ತಿಂಗಳಲ್ಲಿ ತಮ್ಮ ವಾದ್ಯವನ್ನು ಇನ್ನಷ್ಟು ಒಣಗಿಸುತ್ತಾರೆ.

ಗಿಟಾರು ತಯಾರಕರು ಸಾಮಾನ್ಯವಾಗಿ ಹೇಳುವ ಸುರಕ್ಷಿತ ತೇವಾಂಶ ಶೇ 45ರಿಂದ 55. ಬೇಸಿಗೆಯಲ್ಲಿ ನಮ್ಮ ಮನೆಗಳು ಇದಕ್ಕಿಂತ ಎಷ್ಟು ಕೆಳಗಿಳಿಯುತ್ತವೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಬೆಳಿಗ್ಗೆ 24 ಡಿಗ್ರಿಯಲ್ಲಿ ಶೇ 60 ಇದ್ದ ಗಾಳಿಯೇ, ತನ್ನಲ್ಲಿರುವ ನೀರಿನ ಒಂದು ಹನಿಯನ್ನೂ ಕಳೆದುಕೊಳ್ಳದೆ, ಮಧ್ಯಾಹ್ನ 38 ಡಿಗ್ರಿಗೆ ಕಾದರೆ ಶೇ 27ರ ಸುಮಾರಿಗೆ ಬಂದು ನಿಲ್ಲುತ್ತದೆ. ಬಿಸಿ ಗಾಳಿಗೆ ನೀರಿನ ಹಸಿವು ಹೆಚ್ಚು, ಸಿಕ್ಕಲ್ಲಿಂದ ಎಳೆದುಕೊಳ್ಳುತ್ತದೆ, ಕಟ್ಟಿಗೆಯಿಂದಲೂ. ಮರ ಎಳೆಯ ಉದ್ದಕ್ಕೆ ಹೆಚ್ಚು ಕುಗ್ಗದು, ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಮೂರು ಮಿಲಿಮೀಟರಿಗೂ ತೆಳುವಾದ ಸ್ಪ್ರೂಸ್ ಹಲಗೆಯನ್ನು ಸುತ್ತಲೂ ಅಂಟಿನಿಂದ ಬಿಗಿದಿಟ್ಟಾಗ ಅದಕ್ಕೆ ಕುಗ್ಗಲು ಜಾಗವಿಲ್ಲ. ಹುನಗುಂದದ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುವ ಹಾಗೆ ಅದೂ ಬಿರಿಯುತ್ತದೆ. ಬಿರಿಯುವ ಮೊದಲು ಮೇಲ್ಹಲಗೆ ಒಳಗೆ ತಗ್ಗುತ್ತದೆ, ತಂತಿಗಳು ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತವೆ. ಕತ್ತಿನ ಮೇಲಿನ ಪಟ್ಟಿ ಕುಗ್ಗಿ, ಕುಗ್ಗದ ಲೋಹದ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಇಣುಕುತ್ತದೆ. ಮಳೆಗಾಲದಲ್ಲಿ ಇದರ ತಿರುವುಮುರುವು: ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಒತ್ತಿದರೆ ಬೆರಳು ನೋಯುತ್ತದೆ.

ಮನೆಯ ಕಟ್ಟಡವೂ ಈ ಲೆಕ್ಕದೊಳಗೆ ಬರಬೇಕು. ಬಾದಾಮಿ ಕಡೆಯ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆ ಬಿಸಿಲನ್ನೂ ತೇವವನ್ನೂ ತಡವಾಗಿ ಒಳಗೆ ಬಿಡುತ್ತದೆ. ಬಾಗಲಕೋಟೆ ನವನಗರದ ಆರ್‌ಸಿಸಿ ಮನೆ ಬೇಗ ಕಾಯುತ್ತದೆ, ತಗಡಿನ ಮನೆ ಇನ್ನೂ ಬೇಗ. ಅದರ ಮೇಲೆ ಕೂಲರ್. ನೀರಿನ ಕೂಲರ್ ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಕೋಣೆ ತೇವವಾಗುತ್ತದೆ, ಕರೆಂಟ್ ಹೋದರೆ ಮತ್ತೆ ಒಣಗುತ್ತದೆ. ಒಂದೇ ದಿನದಲ್ಲಿ ನಾಲ್ಕು ಸಲ ಹಿಗ್ಗಿ ಕುಗ್ಗುವುದು ಒಂದೇ ಸಮನೆ ಒಣಗಿರುವುದಕ್ಕಿಂತ ಲೇಸೇನಲ್ಲ. ಗೋಡೆಗೆ ತೂಗುಹಾಕಿದರೆ ಗಿಟಾರು ಚೆಂದ ಕಾಣುತ್ತದೆ, ನಿಜ. ಆದರೆ ಮೇ ತಿಂಗಳಿನ ಪಡುವಣ ಗೋಡೆಗೂ ಕೂಲರಿನ ಗಾಳಿಗೂ ಅದನ್ನು ಒಡ್ಡಿದಂತೆ.

ಈ ಹಾನಿಯ ಬಿಲ್ಲು ಯಾರದು? ತಯಾರಕರ ವಾರಂಟಿಗಳು ಸಾಮಾನ್ಯವಾಗಿ ಉಷ್ಣಾಂಶ, ತೇವಾಂಶದಿಂದ ಆದ ಬಿರುಕನ್ನು ಹೊರಗಿಡುತ್ತವೆ. ಗೃಹ ವಿಮೆಯಲ್ಲಿ ವಾದ್ಯವನ್ನು ಸೇರಿಸಿದರೂ ಹವಾಮಾನದಿಂದ ನಿಧಾನವಾಗಿ ಆಗುವ ಕೆಡುಕಿಗೆ ಪರಿಹಾರ ಸಿಗದಿರುವುದೇ ರೂಢಿ. ಹಾಗಾದರೆ ಎಷ್ಟು ಖರ್ಚು ಮಾಡುವುದು ನ್ಯಾಯ? ಎಂಟು ಸಾವಿರದ ಪ್ಲೈವುಡ್ ಗಿಟಾರಿಗೆ ವರ್ಷಕ್ಕೆ ಎರಡು ಸಾವಿರದ ತೇವಾಂಶ ಪೊಟ್ಟಣ ಹಾಕಿದರೆ ನಾಲ್ಕು ವರ್ಷದಲ್ಲಿ ಇನ್ನೊಂದು ಗಿಟಾರಿನ ದುಡ್ಡು ಹೋಯಿತು. ಪ್ಲೈವುಡ್ಡಿನಲ್ಲಿ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಸುಲಭಕ್ಕೆ ಬಿರಿಯುವುದೂ ಇಲ್ಲ. ಮೂವತ್ತು ಸಾವಿರದ ಸಾಲಿಡ್ ಟಾಪ್, ಅಂದರೆ ಇಡೀ ಮರದ ಮೇಲ್ಹಲಗೆಯ ವಾದ್ಯದ ಮಾತು ಬೇರೆ. ಅದಕ್ಕೆ ನಾಲ್ಕೈದು ಸಾವಿರದ ಗಟ್ಟಿ ಪೆಟ್ಟಿಗೆ ಒಂದೇ ಸಲದ ಖರ್ಚು, ಮತ್ತು ಪೆಟ್ಟಿಗೆಯೊಳಗಿನ ಅಷ್ಟು ಗಾಳಿಯನ್ನು ಸರಿಯಾಗಿಡುವುದು ಇಡೀ ಕೋಣೆಯನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಅಗ್ಗ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಹಾರ್ಮೋನಿಯಂ ಪೆಟ್ಟಿಗೆ, ತಬಲಾ ವರ್ಷಗಟ್ಟಲೆ ಥಿಯೇಟರಿನ ತಗಡಿನ ಕೆಳಗೇ ಬಾಳಿವೆ. ಹಳ್ಳಿ ಭಜನೆಯ ಹಾರ್ಮೋನಿಯಂಗೆ ಯಾರೂ ತೇವಾಂಶ ಅಳೆದಿಲ್ಲ. ಗಿಟಾರಿಗೆ ಮಾತ್ರ ಯಾಕೆ ಇಷ್ಟು ಉಪಚಾರ? ಆಕ್ಷೇಪದಲ್ಲಿ ಹುರುಳಿದೆ. ಆದರೆ ತಬಲಾದಲ್ಲಿ ಹವೆಗೆ ಸ್ಪಂದಿಸುವುದು ಚರ್ಮ. ಅದು ಸಡಿಲಾದರೆ ಸುತ್ತಿಗೆಯಿಂದ ತಟ್ಟಿ ಏರಿಸುತ್ತಾರೆ, ಸವೆದರೆ ಬದಲಿಸುತ್ತಾರೆ. ಹಾರ್ಮೋನಿಯಂನ ನಾದ ಹುಟ್ಟುವುದು ಹಿತ್ತಾಳೆಯ ರೀಡಿನಲ್ಲಿ, ಕಟ್ಟಿಗೆ ಅದರ ಮನೆ ಮಾತ್ರ. ಗಿಟಾರಿನಲ್ಲಿ ಹವೆಗೆ ಕುಣಿಯುವ ಹಲಗೆಯೇ ನಾದದ ಹಲಗೆ, ಬದಲಿಸಿದರೆ ಅದು ಬೇರೆ ಗಿಟಾರು. ಇನ್ನು ಮಿರಜದ ತಂಬೂರಿಯನ್ನು ಹಿರಿಯರು ಗವಸು ಹಾಕದೆ ಇಡುತ್ತಿದ್ದರೇ? ನಮ್ಮಲ್ಲೂ ಉಪಚಾರ ಇತ್ತು, ಅದರ ಬೆಲೆಪಟ್ಟಿ ಇರಲಿಲ್ಲ. ಇಳಕಲ್ಲಿನ ಕುಣಿ ಮಗ್ಗವನ್ನೇ ನೋಡಿ. ನೆಲದೊಳಗಿನ ತಂಪು ಹಾಸಿನ ನೂಲನ್ನು ಬಿರುಸಾಗದಂತೆ, ಮಾತುಮಾತಿಗೆ ಹರಿಯದಂತೆ ಕಾಯುತ್ತಿತ್ತು. ಮಗ್ಗದ ಕುಣಿ ತೋಡಿದ್ದಷ್ಟೇ ಖರ್ಚು.

ಗಿಟಾರಿಗೂ ಹಾಗೇ ಕಡಿಮೆಯಲ್ಲಿ ಮುಗಿಸಬಹುದು. ಮೊದಲು ತೇವಾಂಶ ಅಳೆಯುವ, ಕೆಲವು ನೂರು ರೂಪಾಯಿಯ ಡಿಜಿಟಲ್ ಹೈಗ್ರೋಮೀಟರ್. ಅಗ್ಗದ್ದು ತಪ್ಪು ತೋರಿಸಬಹುದು, ಆದರೆ ಪರೀಕ್ಷೆ ಅಡುಗೆಮನೆಯಲ್ಲೇ ಇದೆ: ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದೆ ಕೆಸರಿನಂತಾಗುವಷ್ಟೇ ನೀರು ಬಿಟ್ಟು, ಅದರ ಜೊತೆ ಯಂತ್ರವನ್ನು ಗಾಳಿಯಾಡದ ಜಿಪ್ ಚೀಲದಲ್ಲಿ ಒಂದು ದಿನ ಇಡಿ. ಒಳಗಿನ ಗಾಳಿ ಶೇ 75ಕ್ಕೆ ನಿಲ್ಲುತ್ತದೆ. ಯಂತ್ರ 70 ತೋರಿಸಿದರೆ ಮುಂದೆ ಐದು ಕೂಡಿಸಿ ಓದಿಕೊಂಡರಾಯಿತು. ಓದಿದ ಅಂಕಿ ಶೇ 40ರ ಕೆಳಗೆ ಹೋಗುತ್ತಿದ್ದರೆ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇಟ್ಟು, ಪೆಟ್ಟಿಗೆಯೊಳಗೆ ಗಿಟಾರಿನ ತಲೆಯ ಬದಿಗೆ, ಕಟ್ಟಿಗೆಗೆ ತಾಗದಂತೆ ಇಡಿ. ಕೊಳವೆಬಾವಿಯ ನೀರು ಬೇಡ, ಅದರ ಸುಣ್ಣ ಸ್ಪಂಜಿನಲ್ಲಿ ಕಟ್ಟಿಕೊಳ್ಳುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದರೆ ಬೇಸಿಗೆ ಕಳೆಯುತ್ತದೆ. ವಾರಕ್ಕೊಮ್ಮೆ ಸ್ಪಂಜು ತೊಳೆಯದಿದ್ದರೆ ಬೂಷ್ಟು ಹಿಡಿಯುತ್ತದೆ. ಇಷ್ಟು ರಗಳೆ ಬೇಡ ಎನ್ನುವವರಿಗೆ ಶೇ 49ರ ಸುಮಾರಿಗೆ ಎರಡೂ ಕಡೆ ಕೆಲಸ ಮಾಡುವ, ಬೇಕಾದಾಗ ತೇವ ಕೊಟ್ಟು ಹೆಚ್ಚಾದಾಗ ಹೀರುವ ಪೊಟ್ಟಣಗಳಿವೆ. ಒಳ್ಳೆಯ ಸರಕೇ, ಆದರೆ ನಮ್ಮ ಬಿಸಿಲಿಗೆ ಬೇಗ ಒಣಗಿ ಗಟ್ಟಿಯಾಗುತ್ತವೆ, ಪ್ರತಿಸಲ ಹೊಸದು ಕೊಳ್ಳಬೇಕು. ನನ್ನ ಮಟ್ಟಿಗೆ ಅವು ದುಬಾರಿ ವಾದ್ಯಕ್ಕೆ ಮಾತ್ರ, ಅದೂ ಗಟ್ಟಿ ಪೆಟ್ಟಿಗೆ ಇದ್ದರೆ. ಬಟ್ಟೆಯ ಬ್ಯಾಗಿನಲ್ಲಿ ಹಾಕಿದರೆ ಊರ ಗಾಳಿಗೆ ನೀರು ಕುಡಿಸಿದಂತಾಗುತ್ತದೆ.

ಸಿಲಿಕಾ ಜೆಲ್‌ಗೆ ಕೆಲಸವೇ ಇಲ್ಲವೆಂದಲ್ಲ. ಮಳೆ ಹಿಡಿದ ವಾರಗಳಲ್ಲಿ ಹೈಗ್ರೋಮೀಟರ್ ಶೇ 60 ದಾಟಿ ಇಳಿಯದೇ ಇದ್ದರೆ ಹಾಕಿ, ಇಳಿದೊಡನೆ ತೆಗೆಯಿರಿ.

ಹಳೆಯ ಗಿಟಾರು ಕೊಳ್ಳುವವರು ಸಾಧ್ಯವಾದರೆ ಏಪ್ರಿಲ್‌ನಲ್ಲೇ ನೋಡಲು ಹೋಗಿ. ಕತ್ತಿನ ಎರಡೂ ಅಂಚಿನ ಮೇಲೆ ಹೆಬ್ಬೆರಳು ಸರಿಸಿ, ಫ್ರೆಟ್ಟಿನ ತುದಿ ಚುಚ್ಚುತ್ತದೆಯೇ ನೋಡಿ. ತಂತಿ ಕಟ್ಟುವ ಬ್ರಿಜ್ಜಿನ ಹಿಂದೆ ಕೂದಲೆಳೆಯಂಥ ಗೆರೆ ಇದೆಯೇ ಎಂದು ಬೆಳಕು ಓರೆಯಾಗಿ ಬಿಟ್ಟು ಪರೀಕ್ಷಿಸಿ. ಬರೀ ಚುಚ್ಚುತ್ತಿದ್ದರೆ ಅರ ಹಾಕಿ ಸರಿಮಾಡಬಹುದು, ಆ ಕೂಲಿಯಷ್ಟು ಬೆಲೆ ಇಳಿಸಿ ಕೇಳಿ. ಗೆರೆ ಕಂಡರೆ, ಮಾರುವವರು ಎಷ್ಟೇ ಇಳಿಸಿದರೂ, ಮುಂದಿನ ಗಿಟಾರು ನೋಡಿ.