ಚಿಪ್ಪು ನೋಡಿ ಕೈ ಹಾಕು

ತಮ್ಮಾ, ಬಸವನಹುಳುವಿನ ಕಾಟಕ್ಕೆ ನೀನು ಮೂಟೆಗಟ್ಟಲೆ ಉಪ್ಪು ತರಿಸಿದ್ದೀಯಂತೆ. ಅದನ್ನು ಕಾಫಿ ಬುಡಕ್ಕೆ ಎರಚಬೇಡ. ಹುಳು ಸಾಯುತ್ತದೆ, ಜೊತೆಗೆ ಮಣ್ಣೂ ಕೆಡುತ್ತದೆ. ಮೊದಲು ಯಾವುದನ್ನು ಕೊಲ್ಲಬೇಕು ಅನ್ನುವುದನ್ನು ತಿಳಿದುಕೋ.

ನಿನ್ನ ಪಪಾಯಿ, ಬಾಳೆ, ಎಳೇ ಸಸಿ ಬೋಳಿಸುತ್ತಿರುವುದು ಆಫ್ರಿಕಾದ ದೈತ್ಯ ಬಸವನಹುಳು. ಚಿಪ್ಪು ಉದ್ದ, ಗಟ್ಟಿ, ತುದಿ ಚೂಪು, ಮೈಮೇಲೆ ಕಂದು ಪಟ್ಟೆ. ಬಲಿತದ್ದಕ್ಕೆ 7ರಿಂದ 9 ಸುತ್ತು. ಅಷ್ಟು ದಪ್ಪ ಚಿಪ್ಪು ಕಟ್ಟಲು ಸುಣ್ಣ ಬೇಕಲ್ಲ, ಅದಕ್ಕೇ ಸುಣ್ಣ ಬಳಿದ ಗೋಡೆಯನ್ನೂ ಕೆರೆದು ತಿನ್ನುತ್ತದೆ.

ಕಾಡಂಚಿನಲ್ಲಿ ಇನ್ನೊಂದು ಸಿಗುತ್ತದೆ. ಮಳೆ ಹಿಡಿದ ದಿನ ಎಲೆಯ ಮೇಲೆ ಕೆಂಪಗೋ ಹಳದಿಯಾಗಿಯೋ ಹೊಳೆಯುವ ಮೈ, ಉರುಟಾದ ತೆಳು ಚಿಪ್ಪು, ಸುತ್ತು ಕೆಲವೇ. ಹೆಸರು ಇಂಡ್ರೆಲ್ಲಾ ಆಂಪುಲ್ಲಾ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದನ್ನು ಬಕೆಟ್ಟಿಗೆ ಹಾಕಿದೆಯೋ, ನಿನ್ನ ಮನೆಯ ಕಾಫಿ ನನಗೆ ಬೇಡ.

ಎರಡರ ಕಥೆಯಲ್ಲೂ ಒಬ್ಬನೇ ಮನುಷ್ಯ ಇದ್ದಾನೆ, ನೋಡು. ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿಗೆ ಚಿಪ್ಪಿನ ಹುಚ್ಚು. ಆಫ್ರಿಕಾದ ಹುಳುವನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದವನು ಅವನು. 1850ರಲ್ಲಿ ನಮ್ಮ ಘಟ್ಟದ ಹುಳುವನ್ನು ವಿವರಿಸಿ ಶಾಸ್ತ್ರೀಯ ಹೆಸರಿಟ್ಟವನೂ ಅವನೇ. ಓದಿದವರ ಹವ್ಯಾಸಕ್ಕೆ ಬೇಸಾಯದವರು ತೆರುವ ದಂಡ ಇದು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಈ ದೈತ್ಯ ಹುಳುವನ್ನು ತಿನ್ನುವ ಬೇರೆ ಪ್ರಾಣಿ ತಂದು ಬಿಡೋಣ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಶಾಂತಸಾಗರದ ಮೂರಿಯಾ ದ್ವೀಪದಲ್ಲಿ 1977ರಲ್ಲಿ ಹಾಗೆಯೇ ಒಂದು ಬೇಟೆಗಾರ ಬಸವನಹುಳುವನ್ನು ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಅಲ್ಲಿನದೇ ಆದ ಪಾರ್ಟುಲಾ ಹುಳುಗಳನ್ನು ಹತ್ತು ವರ್ಷದಲ್ಲಿ ಕಾಡಿನಿಂದ ಅಳಿಸಿಹಾಕಿತು.

ಆರಿಸುವುದೇ ಉಪಾಯ, ಬೇಜಾರಾದರೂ ಸರಿ. ಸಂಜೆ ಗೋಣಿಚೀಲ ನೆನೆಸಿ ಹಾಸು, ಅಡಿಯಲ್ಲಿ ಪಪಾಯಿ ಎಲೆ ಇಡು. ಬೆಳಿಗ್ಗೆ ಬಿಸಿಲೇರುವ ಮುಂಚೆ ಎತ್ತಿದರೆ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡ, ಮಿದುಳಿಗೆ ಏರುವ ಒಂದು ಜಾತಿಯ ಜಂತು ಅದರ ಮೈಯಲ್ಲಿರಬಹುದು. ಕೆಲಸದವರಿಗೂ ಕೈಗವಸು ಕೊಡು. ತರಿಸಿದ ಉಪ್ಪನ್ನು ಬಕೆಟ್ ನೀರಿಗೆ ಹಾಕಿ ಹುಳುಗಳನ್ನು ಅದರಲ್ಲಿ ಮುಳುಗಿಸು. ಆಮೇಲೆ ಗುಂಡಿಯಲ್ಲಿ ಸುಣ್ಣ ಹಾಕಿ ಹೂತುಬಿಡು. ಆ ಉಪ್ಪುನೀರನ್ನು ಮಾತ್ರ ತೋಟದೊಳಗೆ ಚೆಲ್ಲಬೇಡ. ಖಾಲಿ ಚಿಪ್ಪನ್ನು ಬೇಲಿಯಾಚೆ ಎಸೆದರೆ ಮಳೆನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ.

ಬೇಸಿಗೆಯಲ್ಲಿ ಬಾಯಿಗೆ ಪೊರೆ ಕಟ್ಟಿಕೊಂಡು ಕಲ್ಲುಕಟ್ಟೆಯ ಸಂದಿಯಲ್ಲಿ, ಗೊಬ್ಬರಗುಂಡಿಯ ಬದಿಯಲ್ಲಿ ಮಲಗಿರುತ್ತವೆ. ಹೂಮಳೆಗೆ ಮುಂಚೆ ಅಲ್ಲೆಲ್ಲ ಕೆದಕಿಸು. ಒಂದೊಂದೂ ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ, ಅದೂ ಮಣ್ಣಿನೊಳಗೆ. ಹಾಗಾಗಿ ಮುಂದಿನ ವಾರ ನರ್ಸರಿಯಿಂದ ಮೆಣಸಿನ ಬಳ್ಳಿ ಬಂದಾಗ, ಪ್ರತಿ ಚೀಲದ ಮಣ್ಣನ್ನೂ ಗೇಟಿನ ಹತ್ತಿರವೇ ನೋಡಿ ಒಳಗೆ ಬಿಡು.